ಜೈಲು ನೋಡಲು ಹೋದವರು

ರಜೆಯಲ್ಲಿ ಮೈಸೂರಿಗೆ ಹೋದವ ಶ್ರೀರಂಗಪಟ್ಟಣದಲ್ಲಿ ಕರ್ನಲ್ ಬೇಲಿಯ ಬಂದೀಖಾನೆ ನೋಡಿಬಂದೆ. ಕೋಟೆಯೊಳಗೆ ತಗ್ಗಿನಲ್ಲಿ ಕಮಾನುಗಳ ಒಂದೇ ಕೋಣೆ. ಗೋಡೆಯಲ್ಲಿ ಕಲ್ಲುಚಪ್ಪಡಿ, ಅದರಲ್ಲಿ ತೂತು, ಕೈದಿಯ ಸರಪಳಿಗೆ. 1780ರಲ್ಲಿ ಪೊಳ್ಳಿಲೂರು ಯುದ್ಧದಲ್ಲಿ ಸಿಕ್ಕಿಬಿದ್ದ ಬೇಲಿ 1782ರಲ್ಲಿ ಸೆರೆಯಲ್ಲೇ ಸತ್ತ. ನೋಡಲು ಬಂದವರು ಆ ತೂತುಗಳಿಗೆ ಕೈ ಚಾಚಿ ನಗುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನಾನೂ ತೆಗೆಸಿಕೊಂಡೆ.

ಮುಂಬಯಿಗೆ ಮರಳಿದ ಮೇಲೆ ನಾಚಿಕೆಯಾಯ್ತು. ನಮ್ಮ ಡೋಂಗ್ರಿಯಲ್ಲೂ ಒಂದು ಹಳೇ ಜೈಲುಂಟು. ಪತ್ರಿಕೆಯಲ್ಲಿ ಬರೆದದ್ದಕ್ಕಾಗಿ 1882ರಲ್ಲಿ ತಿಲಕರೂ ಆಗರಕರರೂ ಅಲ್ಲಿ 101 ದಿನ ಕಳೆದರು. ಈಗ ಅಲ್ಲಿ ಮಕ್ಕಳ ಪಾಲನಾಗೃಹ.

"ಅದಕ್ಕೂ ಟಿಕೇಟು ಇಟ್ಟು ತೋರಿಸಬಹುದಲ್ಲ" ಅಂತ ಗೆಳೆಯನೊಬ್ಬ ಅಂದ. ಪುಣೆಯ ಯರವಡಾದಲ್ಲಿ 2021ರಲ್ಲಿ ಜೈಲು ಪ್ರವಾಸ ಶುರುವಾಯ್ತು. ಗಾಂಧೀಜಿ ಇದ್ದ ಜಾಗ ತೋರಿಸುತ್ತಾರೆ, ಆದರೆ ಇಂದಿನ ಕೈದಿಗಳೂ ಅದೇ ಗೋಡೆಯೊಳಗಿದ್ದಾರೆ. ಬೇಡ ಮಾರಾಯಾ! ಖಾಲಿ ಜೈಲು ನೋಡುವಾ, ಇತಿಹಾಸ ಕಲಿಯುವಾ. ಒಳಗೆ ಜೀವ ಇರುವಲ್ಲಿ ನಾವು ಪ್ರೇಕ್ಷಕರಾಗುವುದು ಸರಿಯಲ್ಲ. ಡೋಂಗ್ರಿಗೆ ಹೋಗುವುದಾದರೆ, ಅನುಮತಿ ಕೇಳಿ, ಆ ಮಕ್ಕಳಿಗೆ ಪಾಠ ಹೇಳಲಿಕ್ಕೆ ಹೋಗುವಾ. ಮಿತ್ರರೇ, ಸಂಘದ ಮುಂದಿನ ಸಭೆಯಲ್ಲಿ ಈ ಮಾತು ಎತ್ತುತ್ತೇನೆ. ಎಷ್ಟು ಜನ ಬರ್ತೀರಿ?