ಗುಂಪು ಫೋಟೋದಿಂದ ಕತ್ತರಿಸಿದ ಮುಖ ಗೋಡೆಗೇರಿದಾಗ ಏಕೆ ಬೇರೆಯಾಗುತ್ತದೆ?

ನಮ್ಮ ಅಜ್ಜಿ ತೀರಿಕೊಂಡ ಮರುದಿನ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ ಇದು: "ಯಾರತ್ರನಾದ್ರೂ ಅವ್ವುಂದು ಒಂದೊಳ್ಳೆ ಫೋಟೋ ಐತೇನ್ರೋ?" ಐದಾರು ಮೊಬೈಲುಗಳನ್ನು ಜಾಲಾಡಿದೆವು. ಮೊಮ್ಮಕ್ಕಳ ಹುಟ್ಟುಹಬ್ಬ, ಗೃಹಪ್ರವೇಶ, ಧರ್ಮಸ್ಥಳದ ಪ್ರವಾಸ, ಎಲ್ಲದರಲ್ಲೂ ಅಜ್ಜಿ ಇದ್ದರು. ಆದರೆ ಮೂಲೆಯಲ್ಲಿ, ಯಾರದೋ ಭುಜದ ಹಿಂದೆ, ಇಲ್ಲವೇ ಕಣ್ಣು ಮುಚ್ಚಿಕೊಂಡು. ಕೊನೆಗೆ ಸಿಕ್ಕಿದ್ದು ಮದುವೆಯೊಂದರ ವೇದಿಕೆಯ ಮೇಲಿನ ಗುಂಪು ಫೋಟೋ. ಅದೂ ವಾಟ್ಸ್ಆ್ಯಪ್‌ನಲ್ಲಿ ಬಂದದ್ದು. ಅದರಿಂದ ಮುಖ ಕತ್ತರಿಸಿ, ಆ್ಯಪ್ ಒಂದರಲ್ಲಿ 'ಕ್ಲಿಯರ್' ಮಾಡಿಸಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಟ್ಟು ಹಾಕಿಸಿದೆವು. ಹನ್ನೊಂದನೇ ದಿನದ ತಿಥಿಯಲ್ಲಿ ಹಾರ ಹಾಕಲು ಹೋದ ದೊಡ್ಡಪ್ಪ ಒಂದು ಕ್ಷಣ ಹಾಗೇ ನಿಂತರು. "ಇದು ನಮ್ಮವ್ವನ ಮುಖ ಅಲ್ಲ ಕಣ್ರೋ" ಅಂದರು.

ಅವರು ಹೇಳಿದ್ದು ನಿಜ. ಅಜ್ಜಿಯ ಮೂಗಿನ ಪಕ್ಕದಲ್ಲಿದ್ದ ಮಚ್ಚೆ ಮಾಯವಾಗಿತ್ತು. ಕೆನ್ನೆಯ ಸುಕ್ಕುಗಳು ಸಪಾಟಾಗಿದ್ದವು. ಯಾವತ್ತೂ ಇಲ್ಲದ ಸಾಲು ಹಲ್ಲು ಬಂದಿತ್ತು.

ಇದು ನಮ್ಮ ಮನೆಯೊಂದರ ಕತೆಯೇನಲ್ಲ. ಕೈಯಲ್ಲಿ ಸಾವಿರಾರು ಫೋಟೋ ಇದ್ದೂ ಗೋಡೆಗೆ ಹಾಕುವಂಥ ಒಂದು ಮುಖ ಸಿಗದೆ ಪರದಾಡುವುದನ್ನು ನೀವೂ ನೋಡಿರುತ್ತೀರಿ. ಹೀಗೇಕಾಗುತ್ತದೆ? ಮೊಬೈಲಿನಲ್ಲೇ ಒಳ್ಳೆಯ ಮುಖಚಿತ್ರ ತೆಗೆದು ಮನೆಯಲ್ಲೇ ಪ್ರಿಂಟ್ ಮಾಡುವುದು ಸಾಧ್ಯವೇ? ಇವುಗಳ ಸುತ್ತ ಇರುವ ತಪ್ಪು ನಂಬಿಕೆಗಳೇನು? ನೋಡೋಣ.

ಚುಕ್ಕಿಗಳ ಲೆಕ್ಕ

ಡಿಜಿಟಲ್ ಚಿತ್ರವೆಂದರೆ ಬಣ್ಣದ ಚುಕ್ಕಿಗಳ ಸಾಲು. ರಂಗೋಲಿಯ ಹಾಗೆ, ಚುಕ್ಕಿ ಹೆಚ್ಚಿದ್ದರೆ ಬಿಡಿಸಬಹುದಾದ ವಿವರವೂ ಹೆಚ್ಚು. ಈ ಚುಕ್ಕಿಗಳೇ ಪಿಕ್ಸೆಲ್. 12 ಮೆಗಾಪಿಕ್ಸೆಲ್ ಚಿತ್ರವೆಂದರೆ ಸಾಮಾನ್ಯವಾಗಿ 4000 ಗುಣಿಸು 3000 ಚುಕ್ಕಿಗಳು. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದಾಗ ಅದು ಕುಗ್ಗಿ, ಉದ್ದನೆಯ ಬದಿ ಸುಮಾರು 1600 ಚುಕ್ಕಿಗೆ ಬಂದು ನಿಲ್ಲುತ್ತದೆ.

ಹಾಗಾದರೆ ವಾಟ್ಸ್ಆ್ಯಪ್ ಫೋಟೋ ಪ್ರಿಂಟ್‌ಗೆ ಬರುವುದೇ ಇಲ್ಲವೇ? ಹಾಗೇನಿಲ್ಲ. 1600 ಚುಕ್ಕಿಗಳನ್ನು 6 ಇಂಚಿನಲ್ಲಿ ಹರಡಿದರೆ ಇಂಚಿಗೆ 266 ಸಿಗುತ್ತವೆ. 4x6 ಅಳತೆಯ ಆಲ್ಬಂ ಫೋಟೋಗೆ ಇದು ಧಾರಾಳ ಸಾಕು. ತೊಂದರೆ ಶುರುವಾಗುವುದು ಕತ್ತರಿಸಿದಾಗ. ವೇದಿಕೆಯ ಮೇಲೆ ಎಂಟು ಜನ ನಿಂತಿದ್ದರೆ ಒಬ್ಬರ ಮುಖದ ಅಗಲಕ್ಕೆ 60 ಚುಕ್ಕಿ ದಕ್ಕಿದರೆ ಹೆಚ್ಚು. ಅದನ್ನು ದೊಡ್ಡ ಕಟ್ಟಿನಲ್ಲಿ 6 ಇಂಚು ಅಗಲದ ಮುಖವಾಗಿ ಹಿಗ್ಗಿಸಿದರೆ ಇಂಚಿಗೆ 10 ಚುಕ್ಕಿ! ನಮ್ಮ ಅಜ್ಜಿಯ ಮುಖಕ್ಕೆ ಆದದ್ದೂ ಇದೇ. ಫೋಟೋ ಚೆನ್ನಾಗಿತ್ತು, ಅದರಲ್ಲಿ ಅಜ್ಜಿ ಬಹಳ ಕಡಿಮೆ ಇದ್ದರು.

ಪ್ರಿಂಟ್‌ಗೆ 300 ಡಿಪಿಐ ಇರಲೇಬೇಕು ಎಂಬ ಮಾತನ್ನೂ ಕೇಳಿರುತ್ತೀರಿ. ಈ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಆರೋಗ್ಯವಾದ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರವನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. 30 ಸೆಂಟಿಮೀಟರ್ ದೂರದಲ್ಲಿ ಹಿಡಿದು ನೋಡುವ ಫೋಟೋಗೆ ಇದನ್ನು ಅನ್ವಯಿಸಿದರೆ ಇಂಚಿಗೆ ಸುಮಾರು 290 ಚುಕ್ಕಿ ಎಂದಾಗುತ್ತದೆ. ಅಂದರೆ ಇದು ಕೈಯಲ್ಲಿ ಹಿಡಿದು ನೋಡುವ ಫೋಟೋದ ಲೆಕ್ಕ. ಒಂದು ಮೀಟರ್ ದೂರ ನಿಂತು ನೋಡುವ ಗೋಡೆಯ ಫೋಟೋಗೆ 90ರ ಆಸುಪಾಸು ಇದ್ದರೂ ನಡೆಯುತ್ತದೆ. ರಸ್ತೆ ಬದಿಯ ಫ್ಲೆಕ್ಸ್‌ಗೆ ಇನ್ನೂ ಕಡಿಮೆ ಸಾಕು. ಅದಕ್ಕೇ ಶ್ರದ್ಧಾಂಜಲಿ ಫ್ಲೆಕ್ಸ್‌ನಲ್ಲಿ ಪರವಾಗಿಲ್ಲ ಎನ್ನಿಸಿದ ಮುಖ ಪಡಸಾಲೆಯ ಕಟ್ಟಿನಲ್ಲಿ ಕಲಸಿಹೋದಂತೆ ಕಾಣುವುದು.

ಮೆಗಾಪಿಕ್ಸೆಲ್ ಹೆಚ್ಚಿದ್ದಷ್ಟೂ ಫೋಟೋ ಚೆನ್ನ ಎನ್ನುವುದೂ ಅರ್ಧ ಸತ್ಯ. 50 ಮೆಗಾಪಿಕ್ಸೆಲ್ ಎಂದು ಬರೆದುಕೊಂಡ ಬಹುತೇಕ ಫೋನುಗಳು ಮಾಮೂಲಿಯಾಗಿ ನಾಲ್ಕು ಚುಕ್ಕಿಗಳನ್ನು ಒಂದಾಗಿ ಸೇರಿಸಿ 12.5 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತವೆ. ಅಷ್ಟು ಸಾಕು ಕೂಡ.

'ಕ್ಲಿಯರ್' ಮಾಡುವ ಆ್ಯಪ್ ಏನು ಮಾಡುತ್ತದೆ?

ಮಸುಕಾದ ಮುಖವನ್ನು ಸ್ಪಷ್ಟಗೊಳಿಸುವ ಆ್ಯಪ್‌ಗಳ ಜಾಹೀರಾತು ನೋಡಿದರೆ, ಕಳೆದುಹೋದ ವಿವರ ಎಲ್ಲೋ ಅಡಗಿ ಕೂತಿದೆ, ಆ್ಯಪ್ ಅದನ್ನು ಹೊರಗೆಳೆಯುತ್ತದೆ ಎನ್ನಿಸುತ್ತದೆ. ಇದು ತಪ್ಪು. 60 ಚುಕ್ಕಿಯಲ್ಲಿ ಮಚ್ಚೆ ದಾಖಲಾಗಿಲ್ಲವೆಂದರೆ ಅದು ಎಲ್ಲಿಯೂ ಇಲ್ಲ. ಕೃತಕ ಬುದ್ಧಿಮತ್ತೆಯ ಆ್ಯಪ್ ತಾನು ಕಲಿತ ಲಕ್ಷಾಂತರ ಮುಖಗಳ ಆಧಾರದ ಮೇಲೆ ಇಲ್ಲಿ ಹೀಗಿರಬಹುದು ಎಂದು ಊಹಿಸಿ ಹೊಸದಾಗಿ ಬರೆಯುತ್ತದೆ.

2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ 'ಪಲ್ಸ್' ಎಂಬ ತಂತ್ರಕ್ಕೆ ಯಾರೋ ಬರಾಕ್ ಒಬಾಮಾ ಅವರ ಮಸುಕು ಚಿತ್ರವೊಂದನ್ನು ಕೊಟ್ಟರು. ಹೊರಬಂದದ್ದು ಬಿಳಿಯ ವ್ಯಕ್ತಿಯೊಬ್ಬರ ಸ್ಪಷ್ಟವಾದ ಮುಖ. ಆ ಚಿತ್ರ ಜಗತ್ತಿನೆಲ್ಲೆಡೆ ಹರಿದಾಡಿತು. ಆಮೇಲೆ ತಂತ್ರಜ್ಞಾನ ಸುಧಾರಿಸಿದೆ, ನಿಜ. ಆದರೆ ಊಹೆ ಊಹೆಯೇ. ನಮ್ಮ ಅಜ್ಜಿಗೆ ಸಾಲು ಹಲ್ಲು ಬಂದದ್ದು ಹೀಗೆ. ಬೇರೆ ದಾರಿಯೇ ಇಲ್ಲದಾಗ ಇಂಥ ಆ್ಯಪ್ ಬಳಸುವುದು ತಪ್ಪು ಎಂದು ನಾವು ಹೇಳುವುದಿಲ್ಲ. ಬಳಸಿದರೆ ಫಲಿತಾಂಶವನ್ನು ಅವರನ್ನು ದಿನವೂ ನೋಡಿದವರಿಗೆ ತೋರಿಸಿ ಕೇಳಿ, ಮತ್ತು ಹಳೆಯ ಮಸುಕು ಚಿತ್ರವನ್ನು ಅಳಿಸಬೇಡಿ.

ಬಾಗಿಲ ಬೆಳಕು, ಐದು ಅಡಿ ದೂರ

ಇದೆಲ್ಲ ತಪ್ಪಬೇಕಾದರೆ ಮುಖಚಿತ್ರವನ್ನು ಮೊದಲೇ ತೆಗೆದಿಡಬೇಕು. ಫೋಟೋ ತೆಗೆದರೆ ಆಯಸ್ಸು ಕಡಿಮೆಯಾಗುತ್ತದೆ, ಮೂವರು ಸಾಲಾಗಿ ನಿಂತು ತೆಗೆಸಿಕೊಳ್ಳಬಾರದು ಎನ್ನುವ ಹಿರಿಯರು ಈಗಲೂ ಇದ್ದಾರೆ. ಕ್ಯಾಮೆರಾ ಎದುರಿನವರಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ. ಅವರ ಮೇಲೆ ಬಿದ್ದು ಹೇಗೂ ಹಿಂತಿರುಗುವ ಬೆಳಕನ್ನು ಹಿಡಿಯುತ್ತದೆ, ಅಷ್ಟೇ. ಆದರೆ ವಾದ ಮಾಡಿ ಕೂರಿಸಿದ ಮುಖ ಚೆನ್ನಾಗಿ ಬರುವುದಿಲ್ಲ. ಸೊಪ್ಪು ಬಿಡಿಸುತ್ತಲೋ ಹೂ ಕಟ್ಟುತ್ತಲೋ ಕೂತಿದ್ದಾಗ, "ಅಜ್ಜಿ, ಒಂಚೂರು ಇತ್ಲಾಗೆ ನೋಡಿ" ಅನ್ನುವುದು ಹೆಚ್ಚು ಫಲಕಾರಿ. 'ಸತ್ತಮೇಲೆ ಬೇಕಾಗುತ್ತೆ' ಎನ್ನುವ ಕಾರಣವನ್ನಂತೂ ಹೇಳಬೇಕಾಗಿಲ್ಲ.

ಮೊದಲ ಕೆಲಸ, ಲೆನ್ಸ್ ಒರೆಸುವುದು. ಜೇಬಿನಲ್ಲಿ ಓಡಾಡುವ ಫೋನಿನ ಲೆನ್ಸ್ ಮೇಲೆ ಬೆರಳಿನ ಜಿಡ್ಡು ಇದ್ದೇ ಇರುತ್ತದೆ. ಚಿತ್ರಕ್ಕೆ ಮಂಜು ಕವಿದಂತಾಗಲು ಅಷ್ಟು ಸಾಕು.

ಎರಡನೆಯದು ಬೆಳಕು. ಮನೆಯಲ್ಲಿರುವ ಅತ್ಯುತ್ತಮ ಸ್ಟುಡಿಯೋ ಎಂದರೆ ನೇರ ಬಿಸಿಲು ಬೀಳದ ಬಾಗಿಲು ಅಥವಾ ದೊಡ್ಡ ಕಿಟಕಿ. ಬೆಳಕಿನ ಮೂಲ ಅಗಲವಾದಷ್ಟೂ ನೆರಳಿನ ಅಂಚು ಮೃದುವಾಗುತ್ತದೆ. ಫೋನಿನ ಫ್ಲ್ಯಾಶ್ ಅಕ್ಕಿಕಾಳಿನಷ್ಟು ಪುಟ್ಟದು, ಅದಕ್ಕೇ ಅದರ ಬೆಳಕು ಅಷ್ಟು ಒರಟು. ಬಾಗಿಲಿನಿಂದ ಎರಡು ಮೂರು ಅಡಿ ಒಳಗೆ, ಮುಖ ಬೆಳಕಿನ ಕಡೆ ಸ್ವಲ್ಪ ಓರೆಯಾಗಿ ತಿರುಗುವಂತೆ ಕೂರಿಸಿ. ಬೆನ್ನ ಹಿಂದೆ ಬಾಗಿಲು ಬಂದರೆ ಮುಖ ಕಪ್ಪಾಗುತ್ತದೆ. ಕನ್ನಡಕದಲ್ಲಿ ಹೊಳಪು ಕಂಡರೆ ಕನ್ನಡಕದ ಕಡ್ಡಿಯನ್ನು ಕಿವಿಯ ಹತ್ತಿರ ತುಸು ಮೇಲೆತ್ತಿ. ಗಾಜು ಕೆಳಮುಖವಾಗಿ ಹೊಳಪು ಹೋಗುತ್ತದೆ.

ಮೂರನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ: ದೂರ. 'ನನ್ನ ಮುಖ ಫೋಟೋಗೆ ಬರಲ್ಲ' ಎನ್ನುವವರಲ್ಲಿ ಬಹಳ ಮಂದಿ ತಮ್ಮನ್ನು ನೋಡಿರುವುದು ಸೆಲ್ಫಿಯಲ್ಲಿ. ಮೂಗಿನ ತುದಿಗಿಂತ ಕಿವಿ ಸುಮಾರು 12 ಸೆಂಟಿಮೀಟರ್ ಹಿಂದಿದೆ ಎಂದುಕೊಳ್ಳಿ. ಮೂಗಿನಿಂದ 30 ಸೆಂಟಿಮೀಟರ್ ದೂರದಲ್ಲಿ ಫೋನ್ ಹಿಡಿದರೆ ಕಿವಿ 42 ಸೆಂಟಿಮೀಟರ್ ದೂರದಲ್ಲಿರುತ್ತದೆ. ಆಗ ಕಿವಿಗೆ ಹೋಲಿಸಿದರೆ ಮೂಗು ಶೇ. 40ರಷ್ಟು ಹಿಗ್ಗಿ ಕಾಣುತ್ತದೆ. ಅದೇ 150 ಸೆಂಟಿಮೀಟರ್, ಅಂದರೆ ಐದು ಅಡಿ ದೂರದಿಂದ ತೆಗೆದರೆ ಈ ವ್ಯತ್ಯಾಸ ಶೇ. 8 ಮಾತ್ರ. 2018ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನವೂ, 12 ಇಂಚು ದೂರದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆ ಎಂದು ಲೆಕ್ಕ ಹಾಕಿತ್ತು. ಐದು ಅಡಿಯಲ್ಲಿ ಈ ದೋಷ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಹಿಂಬದಿಯ ಕ್ಯಾಮೆರಾ ಬಳಸಿ, ನಾಲ್ಕೈದು ಅಡಿ ಹಿಂದೆ ನಿಂತು, 2ಎಕ್ಸ್ ಇಟ್ಟು ತೆಗೆಯಿರಿ. 48 ಅಥವಾ 50 ಮೆಗಾಪಿಕ್ಸೆಲ್ ಫೋನುಗಳಲ್ಲಿ ಆ ಹಂತದ ಜೂಮ್‌ನಿಂದ ದೊಡ್ಡ ನಷ್ಟವಿಲ್ಲ. ಅದಕ್ಕಿಂತ ಹೆಚ್ಚು ಎಳೆಯಬೇಡಿ.

ಇನ್ನು ಮೈಬಣ್ಣ. ಕ್ಯಾಮೆರಾ ಎದುರಿನ ದೃಶ್ಯವನ್ನೆಲ್ಲ ಸರಾಸರಿ ಮಾಡಿ ಮಧ್ಯಮ ಬೂದು ಮಟ್ಟಕ್ಕೆ ತರಲು ನೋಡುತ್ತದೆ. ಹಿಂದೆ ಬಿಳಿ ಗೋಡೆ, ಮುಂದೆ ಕಪ್ಪು ಮೈಬಣ್ಣದವರಿದ್ದರೆ ಮುಖ ಇನ್ನಷ್ಟು ಕಪ್ಪಾಗುತ್ತದೆ. ಪರದೆಯಲ್ಲಿ ಮುಖದ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಚಿಹ್ನೆಯನ್ನು ಸ್ವಲ್ಪ ಮೇಲೆ ಸರಿಸಿದರೆ ಇದು ಸರಿಹೋಗುತ್ತದೆ. ಫಿಲ್ಮಿನ ಕಾಲದಲ್ಲಿ ಲ್ಯಾಬ್‌ಗಳು ಬಣ್ಣ ಹೊಂದಿಸಲು ಬಳಸುತ್ತಿದ್ದ ಕೊಡ್ಯಾಕ್ ಕಂಪನಿಯ 'ಶರ್ಲಿ ಕಾರ್ಡ್'ನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಮಹಿಳೆಯರ ಚಿತ್ರವೇ. ನಮ್ಮ ಬಣ್ಣ 'ಸರಿಯಾಗಿ ಬರುವುದಿಲ್ಲ' ಎಂಬ ದೂರಿಗೆ ಅಷ್ಟು ಹಳೆಯ ಬೇರಿದೆ. ಇವತ್ತಿನ ಬ್ಯೂಟಿ ಫಿಲ್ಟರ್ ಅದನ್ನೇ ಬೇರೆ ರೀತಿಯಲ್ಲಿ ಮಾಡುತ್ತಿದೆ: ಕೇಳದೆಯೇ ಬೆಳ್ಳಗೆ ಮಾಡುತ್ತದೆ, ಸುಕ್ಕು ಅಳಿಸುತ್ತದೆ. ಅದನ್ನು ಆರಿಸಿ.

ಕಡತವನ್ನು ಉಳಿಸಿಕೊಳ್ಳುವುದು

ಪ್ರತಿ ಸಲ ಫಾರ್ವರ್ಡ್ ಮಾಡಿದಾಗಲೂ ಫೋಟೋ ಕೆಡುತ್ತದೆ ಎಂದು ಹಲವರು ನಂಬಿದ್ದಾರೆ. ವಾಸ್ತವದಲ್ಲಿ ದೊಡ್ಡ ಪೆಟ್ಟು ಬೀಳುವುದು ಮೊದಲ ಸಲ ಕಳಿಸಿದಾಗ. ಆಮೇಲೆ 'ಫಾರ್ವರ್ಡ್' ಒತ್ತಿದರೆ ಆ ಕುಗ್ಗಿದ ಕಡತವೇ ಮುಂದೆ ಹೋಗುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಕಳಿಸುವುದು, ಸ್ಟೇಟಸ್‌ಗೆ ಹಾಕಿ ಅಲ್ಲಿಂದ ಮತ್ತೆ ಇಳಿಸಿಕೊಳ್ಳುವುದು, ಇವು ಹೊಸ ಪೆಟ್ಟುಗಳು. 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಒಳ್ಳೆಯದು, ಆದರೂ ಮೂಲವಲ್ಲ. ಮೂಲ ಬೇಕಿದ್ದರೆ 'ಡಾಕ್ಯುಮೆಂಟ್' ಆಗಿ ಕಳಿಸಿ. ಗುಂಪಿನಲ್ಲಿ ಹಾಕಿದ್ದೀನಲ್ಲ ಎಂದು ಫೋನಿನಲ್ಲಿರುವುದನ್ನು ಅಳಿಸಿದರೆ ನೀವು ಅಳಿಸಿದ್ದು ಒಂದೇ ಒಂದು ಮೂಲ ಪ್ರತಿಯನ್ನು.

ಮನೆಯ ಪ್ರಿಂಟರ್‌ನಲ್ಲಿ

ಮಕ್ಕಳ ಶಾಲೆಯ ಕೆಲಸಕ್ಕೆಂದು ಕೊಂಡ ಇಂಕ್ ಟ್ಯಾಂಕ್ ಪ್ರಿಂಟರ್ ಈಗ ಎಷ್ಟೋ ಮನೆಗಳಲ್ಲಿದೆ. ಅದರಲ್ಲಿ ಒಳ್ಳೆಯ ಫೋಟೋ ಬರುತ್ತದೆಯೇ? ಬರುತ್ತದೆ, ಕಾಗದ ಸರಿ ಇದ್ದರೆ. ಮಾಮೂಲಿ ಎ4 ಹಾಳೆ ಶಾಯಿಯನ್ನು ಹೀರಿ ಹರಡುತ್ತದೆ, ಬಣ್ಣ ಮಂಕಾಗುತ್ತದೆ. ಫೋಟೋ ಪೇಪರಿನ ಲೇಪನ ಶಾಯಿಯನ್ನು ಬಿದ್ದಲ್ಲೇ ಹಿಡಿದಿಡುತ್ತದೆ. ಕಾಗದ ಬದಲಿಸಿದರೆ ಸಾಲದು, ಪ್ರಿಂಟ್ ಸೆಟ್ಟಿಂಗ್‌ನಲ್ಲೂ 'ಪ್ಲೇನ್ ಪೇಪರ್' ತೆಗೆದು ಫೋಟೋ ಪೇಪರ್ ಆರಿಸಬೇಕು. ಎಷ್ಟು ಶಾಯಿ ಬಿಡಬೇಕೆಂದು ಪ್ರಿಂಟರ್‌ಗೆ ತಿಳಿಯುವುದು ಅದರಿಂದಲೇ. ಒಂದು ಎಚ್ಚರಿಕೆ: ಇಂಕ್‌ಜೆಟ್ ಫೋಟೋ ಪೇಪರನ್ನು ಲೇಸರ್ ಪ್ರಿಂಟರಿಗೆ ಹಾಕಬೇಡಿ. ಅದರೊಳಗಿನ ಬಿಸಿ ರೋಲರಿಗೆ ಲೇಪನ ಕರಗಿ ಅಂಟಿಕೊಂಡು ಯಂತ್ರವೇ ಕೆಡಬಹುದು.

ಮೊಬೈಲಿನಲ್ಲಿ ಫಳಫಳ ಹೊಳೆದದ್ದು ಕಾಗದದ ಮೇಲೆ ಕಪ್ಪಾಯಿತು ಎಂಬುದು ಎಲ್ಲರ ದೂರು. ಪರದೆ ತಾನೇ ಬೆಳಕು ಸೂಸುತ್ತದೆ, ಕಾಗದಕ್ಕೆ ಕೋಣೆಯ ಬೆಳಕೇ ಗತಿ. ಪರದೆಯ ಪ್ರಖರತೆಯನ್ನು ಅರ್ಧಕ್ಕೆ ಇಳಿಸಿ ಚಿತ್ರ ನೋಡಿ, ಕಪ್ಪೆನ್ನಿಸಿದರೆ ಸ್ವಲ್ಪ ಬೆಳಕು ಹೆಚ್ಚಿಸಿ, ಮೊದಲು 4x6ರಲ್ಲಿ ಪರೀಕ್ಷೆ ಮಾಡಿ. ಇನ್ನೊಂದು, ಫೋನಿನ ಚಿತ್ರದ ಅಳತೆ 4:3, 4x6 ಕಾಗದದ್ದು 3:2. ಅಂಚಿಲ್ಲದೆ ಮುದ್ರಿಸಿದರೆ ಚಿತ್ರದ ಶೇ. 11ರಷ್ಟು ಭಾಗ ಕತ್ತರಿಸಿಹೋಗುತ್ತದೆ. ಉದ್ದುದ್ದದ ಚಿತ್ರದಲ್ಲಿ ಇದು ಎಡಬಲದ ಭುಜಗಳಿಗೆ ತಗಲುತ್ತದೆ, ಅಡ್ಡಡ್ಡದ ಚಿತ್ರದಲ್ಲಿ ತಲೆಯ ಮೇಲ್ಭಾಗಕ್ಕೆ. ತೆಗೆಯುವಾಗಲೇ ಸುತ್ತ ಜಾಗ ಬಿಡಿ.

ಬಾಳಿಕೆಯ ವಿಷಯದಲ್ಲಿ ಮಾತ್ರ ಜಾಹೀರಾತನ್ನು ಪೂರ್ತಿ ನಂಬಬೇಡಿ. ಇಂಥ ಅನೇಕ ಪ್ರಿಂಟರ್‌ಗಳ ಬಣ್ಣದ ಶಾಯಿ ಡೈ ಆಧಾರಿತ. ಬಿಸಿಲಿಗೂ ಗಾಳಿಯಲ್ಲಿರುವ ಓಝೋನ್‌ಗೂ ಅದು ಬೇಗ ಮಾಸುತ್ತದೆ. ಪಿಗ್ಮೆಂಟ್ ಶಾಯಿ ಹೆಚ್ಚು ತಾಳುತ್ತದೆ. ಆಲ್ಬಂಗೆ, ಫ್ರಿಜ್ ಬಾಗಿಲಿಗೆ ಮನೆಯ ಪ್ರಿಂಟ್ ಸಾಕು. ಗೋಡೆಯ ಮೇಲೆ ವರ್ಷಾನುಗಟ್ಟಲೆ ಇರಬೇಕಾದ ದೊಡ್ಡ ಚಿತ್ರಕ್ಕೆ ಫೋಟೋ ಲ್ಯಾಬ್‌ನ ಪ್ರಿಂಟೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಮನೆಯಲ್ಲಿ ಮುದ್ರಿಸಿದ್ದನ್ನು ಕಟ್ಟಿಗೆ ಹಾಕುವ ಮುನ್ನ ಒಂದು ದಿನ ಆರಲು ಬಿಡಿ. ಗಾಜು ಚಿತ್ರಕ್ಕೆ ತಾಗದಂತೆ ನಡುವೆ ದಪ್ಪ ರಟ್ಟಿನ ಅಂಚು ಹಾಕಿಸಿ. ಮಲೆನಾಡು, ಕರಾವಳಿಯ ಮಳೆಗಾಲದ ತೇವಕ್ಕೆ ಫೋಟೋ ಗಾಜಿಗೆ ಅಂಟಿಕೊಂಡರೆ ಬಿಡಿಸುವಾಗ ಮುಖವೇ ಕಿತ್ತುಬರುತ್ತದೆ. ಬಿಸಿಲು ಬೀಳುವ ಗೋಡೆಯೂ ಬೇಡ, ದೀಪದ ಹೊಗೆ ನೇರವಾಗಿ ತಾಗುವ ಜಾಗವೂ ಬೇಡ.

ನಮ್ಮ ಮನೆಯ ಕತೆ ಅಲ್ಲಿಗೇ ನಿಲ್ಲಲಿಲ್ಲ. ಕೆಲವು ತಿಂಗಳ ನಂತರ ಅತ್ತೆಯ ಹಳೆಯ ಫೋನಿನ ಮೆಮೊರಿ ಕಾರ್ಡ್‌ನಲ್ಲಿ ಯಾರಿಗೂ ಕಳಿಸದೆ ಉಳಿದಿದ್ದ ಒಂದು ಚಿತ್ರ ಸಿಕ್ಕಿತು. ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತ ಅಜ್ಜಿ, ಬಾಗಿಲ ಕಡೆಯಿಂದ ಬಂದ ಬೆಳಕು, ಮೂಗಿನ ಪಕ್ಕ ಮಚ್ಚೆ. 8 ಮೆಗಾಪಿಕ್ಸೆಲ್‌ನದ್ದು. ಲ್ಯಾಬ್‌ನಲ್ಲಿ 8x12ಕ್ಕೆ ಹಾಕಿಸಿ, ಕಟ್ಟಿನ ಹಿಂದೆ ಹೆಸರು ಮತ್ತು ವರ್ಷ ಬರೆದ ಚೀಟಿ ಅಂಟಿಸಿದೆವು. ಹಳೆಯದನ್ನು ದೊಡ್ಡಪ್ಪನೇ ಗೋಡೆಯಿಂದ ಇಳಿಸಿದರು.