ದಾರಿ ಬೇರೆ, ಅಪ್ಪಣೆ ಬೇರೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಮಾತು ಬಲ್ಲವನೆಂದರೆ ಚೆನ್ನಾಗಿ ಮಾತನಾಡುವವನೆಂದೇ ನಮ್ಮಲ್ಲಿ ಅನೇಕರ ತಿಳಿವಳಿಕೆ. ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ದೊರೆಯುವುದೂ ಅಂಥವರಿಗೇ. ಆದರೆ ಆಡಿದ ಮಾತನ್ನು ಆಡಿದವನ ಅರ್ಥದಲ್ಲಿಯೇ ಗ್ರಹಿಸುವುದು, ಗ್ರಹಿಸಿದ್ದು ಸರಿಯೇ ಎಂದು ಮತ್ತೆ ಕೇಳಿ ತಿಳಿಯುವುದು, ಇವೂ ಮಾತು ಬಲ್ಲವನ ಲಕ್ಷಣಗಳೇ. ಈ ಎರಡನೆಯ ವಿದ್ಯೆಗೆ ನಾವು ತಕ್ಕ ಬೆಲೆಯನ್ನು ಕೊಟ್ಟಿಲ್ಲವೆಂಬುದು ನನ್ನ ಅಭಿಪ್ರಾಯ. ಅದರ ಬೆಲೆ ಎಷ್ಟೆಂಬುದನ್ನು ವಿಮಾನಯಾನದ ಇತಿಹಾಸವು ಬಹು ಸ್ಪಷ್ಟವಾಗಿ ತೋರಿಸಿಕೊಟ್ಟಿದೆ.

ವಿಮಾನವು ನೆಲ ಬಿಡುವ ಮೊದಲು ಅದರ ಚಾಲಕನು ನಿಯಂತ್ರಣ ಗೋಪುರದಿಂದ ಎರಡು ಬಗೆಯ ಅನುಮತಿಗಳನ್ನು ಪಡೆಯಬೇಕು. ಮೊದಲನೆಯದು ಮಾರ್ಗದ ಅನುಮತಿ. ಮೇಲೇರಿದ ಬಳಿಕ ಯಾವ ಕಡೆಗೆ ತಿರುಗಬೇಕು, ಎಷ್ಟು ಎತ್ತರಕ್ಕೆ ಏರಬೇಕು, ಯಾವ ರೇಡಿಯೋ ಸಂಕೇತವನ್ನು ಅನುಸರಿಸಿ ಸಾಗಬೇಕು ಎಂಬುದನ್ನು ಅದು ತಿಳಿಸುತ್ತದೆ. ಎರಡನೆಯದು ಟೇಕಾಫ್ ಅನುಮತಿ. ಎಂದರೆ ರನ್‌ವೇ ತೆರವಾಗಿದೆ, ಈಗ ಹೊರಡಬಹುದು ಎಂಬ ಅಪ್ಪಣೆ. ನಮ್ಮ ಪರೀಕ್ಷೆಗಳಲ್ಲಿ ಹಾಲ್ ಟಿಕೆಟ್ ಬೇರೆ, ಗಂಟೆ ಬೇರೆ. ಹಾಲ್ ಟಿಕೆಟ್ ಕೈಯಲ್ಲಿದೆಯೆಂದು ಗಂಟೆ ಹೊಡೆಯುವ ಮೊದಲೇ ಯಾರೂ ಉತ್ತರ ಬರೆಯತೊಡಗುವುದಿಲ್ಲ. ಇಷ್ಟು ಸರಳವಾದ ಭೇದವನ್ನು ಒಬ್ಬ ನುರಿತ ಚಾಲಕ ಮರೆಯಬಲ್ಲನೇ ಎಂದು ಕೇಳಬಹುದು. ಮರೆತ ಪ್ರಸಂಗವೊಂದು ೧೯೭೭ರ ಮಾರ್ಚ್ ೨೭ರಂದು ನಡೆಯಿತು.

ಸ್ಪೇನ್ ದೇಶಕ್ಕೆ ಸೇರಿದ ಕ್ಯಾನರಿ ದ್ವೀಪಗಳಲ್ಲಿ ಟೆನೆರಿಫ್ ಒಂದು. ಅಂದು ನೆರೆಯ ದ್ವೀಪದ ಲಾಸ್ ಪಾಲ್ಮಾಸ್ ವಿಮಾನ ನಿಲ್ದಾಣದಲ್ಲಿ ಬಾಂಬೊಂದು ಸಿಡಿದುದರಿಂದ, ಅಲ್ಲಿಗೆ ಹೋಗಬೇಕಾಗಿದ್ದ ವಿಮಾನಗಳೆಲ್ಲ ಟೆನೆರಿಫಿನ ಲಾಸ್ ರೋಡಿಯೋಸ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿಯಬೇಕಾಯಿತು. ಅವುಗಳಲ್ಲಿ ಎರಡು ಬೋಯಿಂಗ್ ೭೪೭ ವಿಮಾನಗಳಿದ್ದವು: ಒಂದು ಹಾಲೆಂಡಿನ ಕೆ.ಎಲ್.ಎಂ. ಸಂಸ್ಥೆಯದು, ಮತ್ತೊಂದು ಅಮೆರಿಕದ ಪ್ಯಾನ್ ಅಮೆರಿಕನ್ ಸಂಸ್ಥೆಯದು. ನಿಲ್ದಾಣದಲ್ಲಿದ್ದುದು ಒಂದೇ ರನ್‌ವೇ. ಪಕ್ಕದ ದಾರಿಯಲ್ಲಿ ವಿಮಾನಗಳು ಕಿಕ್ಕಿರಿದು ನಿಂತಿದ್ದುದರಿಂದ, ಎರಡೂ ವಿಮಾನಗಳು ರನ್‌ವೇಯ ಮೇಲೆಯೇ ಒಂದರ ಹಿಂದೊಂದು ಸಾಗಬೇಕಾಯಿತು. ಸುಮಾರು ೨,೦೦೦ ಅಡಿ ಎತ್ತರದಲ್ಲಿರುವ ಆ ನಿಲ್ದಾಣವನ್ನು ಮೋಡ ಕವಿದಿತ್ತು. ಒಂದು ವಿಮಾನಕ್ಕೆ ಇನ್ನೊಂದು ಕಾಣದು. ಗೋಪುರದವರಿಗೆ ಎರಡೂ ಕಾಣವು. ನೆಲದ ಮೇಲಿನ ವಿಮಾನಗಳನ್ನು ತೋರಿಸುವ ರೇಡಾರ್ ಅಲ್ಲಿರಲಿಲ್ಲ. ಆ ಹೊತ್ತಿನಲ್ಲಿ ಕಣ್ಣಿನ ಕೆಲಸವನ್ನೂ ಮಾತೇ ಮಾಡಬೇಕಾಗಿತ್ತು.

ಕೆ.ಎಲ್.ಎಂ. ವಿಮಾನವು ರನ್‌ವೇಯ ತುದಿ ತಲುಪಿ, ತಿರುಗಿ ನಿಂತಿತು. ಕ್ಯಾಪ್ಟನ್ ವಾನ್ ಜಾಂಟೆನ್ ಅವರು ಎಂಜಿನ್ನುಗಳ ವೇಗವನ್ನು ಹೆಚ್ಚಿಸತೊಡಗಿದಾಗ, ಇನ್ನೂ ಅನುಮತಿ ಬಂದಿಲ್ಲವೆಂದು ಸಹಚಾಲಕ ನೆನಪಿಸಿದ. ಅದು ತನಗೆ ಗೊತ್ತೆಂದೂ, ಕೇಳೆಂದೂ ಕ್ಯಾಪ್ಟನ್ ಹೇಳಿದರು. ತಾವು ಟೇಕಾಫ್‌ಗೆ ಸಿದ್ಧರೆಂದೂ, ಮಾರ್ಗದ ಅನುಮತಿಗಾಗಿ ಕಾಯುತ್ತಿರುವೆವೆಂದೂ ಸಹಚಾಲಕ ಒಂದೇ ಉಸಿರಿನಲ್ಲಿ ತಿಳಿಸಿದ. ಗೋಪುರದವರು ಕೊಟ್ಟದ್ದು ಮಾರ್ಗದ ಅನುಮತಿ ಮಾತ್ರ. ಆದರೆ ಟೇಕಾಫ್ ಆದ ಬಳಿಕ ಬಲಕ್ಕೆ ತಿರುಗಬೇಕೆಂಬ ಸೂಚನೆ ಅದರಲ್ಲಿತ್ತು. ಹೊರಡಲು ಕಾತರಗೊಂಡ ಕಿವಿಗೆ ಟೇಕಾಫ್ ಎಂಬ ಆ ಒಂದು ಶಬ್ದವೇ ಸಾಕಾಯಿತೆಂದು ತೋರುತ್ತದೆ. ಸಹಚಾಲಕ ಮಾರ್ಗವನ್ನು ಮರಳಿ ಓದಿ ಹೇಳುತ್ತಿದ್ದಂತೆಯೇ ವಿಮಾನ ಓಡತೊಡಗಿತು.

ತಾವೀಗ ಟೇಕಾಫ್‌ನಲ್ಲಿದ್ದೇವೆಂದು ಅವನು ಕೊನೆಯಲ್ಲಿ ಸೇರಿಸಿದ ಮಾತು, ಹೊರಡಲು ಸಿದ್ಧರಾಗಿ ನಿಂತಿದ್ದಾರೆಂದು ಗೋಪುರದವರಿಗೆ ಕೇಳಿಸಿರಬೇಕು. ಅವರು ಓಕೆ ಎಂದು ಹೇಳಿ, ತುಸು ತಡೆದು, ಕಾದಿರಿ, ಕರೆಯುತ್ತೇವೆ ಎಂದರು. ಅದೇ ಕ್ಷಣದಲ್ಲಿ ಪ್ಯಾನ್ ಅಮೆರಿಕನ್ ವಿಮಾನದವರು ತಾವಿನ್ನೂ ರನ್‌ವೇಯ ಮೇಲಿದ್ದೇವೆಂದು ಕೂಗಿ ಹೇಳಿದರು. ರೇಡಿಯೋದಲ್ಲಿ ಎರಡು ಧ್ವನಿಗಳು ಒಂದರ ಮೇಲೊಂದು ಬಿದ್ದು ಕೀರಲು ಸದ್ದಾಯಿತು. ಕೆ.ಎಲ್.ಎಂ. ವಿಮಾನದವರಿಗೆ ಸ್ಪಷ್ಟವಾಗಿ ಕೇಳಿಸಿದ್ದು ಓಕೆ ಎಂಬುದೊಂದೇ. ಕೆಲವೇ ಕ್ಷಣಗಳಲ್ಲಿ ಎರಡು ವಿಮಾನಗಳೂ ಅಪ್ಪಳಿಸಿ ೫೮೩ ಮಂದಿ ಮಡಿದರು. ಬದುಕುಳಿದವರು ಅಮೆರಿಕದ ವಿಮಾನದಲ್ಲಿದ್ದ ೬೧ ಜನ ಮಾತ್ರ.

ಈ ದುರಂತದ ಹೊಣೆ ಯಾರದು? ಅನುಮತಿಯಿಲ್ಲದೆ ಹೊರಟ ಕ್ಯಾಪ್ಟನ್ನರದೇ ಮೂಲ ತಪ್ಪೆಂದು ಸ್ಪೇನಿನ ತನಿಖೆ ಹೇಳಿತು. ಎರಡು ಕಡೆಯವರೂ ಪರಸ್ಪರ ಅಪಾರ್ಥ ಮಾಡಿಕೊಂಡುದೇ ಕಾರಣವೆಂದು ಹಾಲೆಂಡಿನವರು ವಾದಿಸಿದರು. ಎರಡರಲ್ಲಿಯೂ ಸತ್ಯವಿದೆ. ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಕಾಡುವುದು ಬೇರೊಂದು ಸಂಗತಿ. ವಿಮಾನ ಓಡುತ್ತಿದ್ದಾಗ ಹಿಂದೆ ಕುಳಿತಿದ್ದ ಎಂಜಿನಿಯರನು ರೇಡಿಯೋದ ಮಾತುಗಳಿಂದ ಸಂಶಯಗೊಂಡು, ಆ ಪ್ಯಾನ್ ಅಮೆರಿಕನ್ ವಿಮಾನ ಇನ್ನೂ ರನ್‌ವೇಯಿಂದ ಸರಿದಿಲ್ಲವೇ ಎಂದು ಕೇಳಿದ. ಸರಿದಿದೆಯೆಂದು ಕ್ಯಾಪ್ಟನ್ ದೃಢವಾಗಿ ನುಡಿದರು. ಅವನು ಸುಮ್ಮನಾದ. ಕ್ಯಾಪ್ಟನ್ ಸಾಮಾನ್ಯರಾಗಿರಲಿಲ್ಲ, ತಮ್ಮ ಸಂಸ್ಥೆಯ ೭೪೭ ಚಾಲಕರ ತರಬೇತಿಯ ಮುಖ್ಯಸ್ಥರಾಗಿದ್ದರು. ಪಕ್ಕದಲ್ಲಿದ್ದ ಸಹಚಾಲಕನನ್ನು ಕೆಲವು ವಾರಗಳ ಹಿಂದೆ ಪರೀಕ್ಷಿಸಿ ತೇರ್ಗಡೆ ಮಾಡಿದವರೂ ಅವರೇ. ಪರೀಕ್ಷಕನನ್ನು ಎರಡನೆಯ ಸಲ ತಡೆಯುವ ಧೈರ್ಯ ಯಾವ ಶಿಷ್ಯನಿಗೆ ಸುಲಭವಾಗಿ ಬಂದೀತು? ಅಲ್ಲಿ ಬುದ್ಧಿಯ ಕೊರತೆಯಿರಲಿಲ್ಲ. ಸಂಶಯ ಹುಟ್ಟಿತ್ತು, ಬಾಯಿಗೂ ಬಂದಿತ್ತು. ಆದರೆ ಹಿರಿಯರ ಒಂದೇ ಮಾತಿಗೆ ಅದು ಅಡಗಿಹೋಯಿತು.

ವಿಮಾನಯಾನ ಕ್ಷೇತ್ರವು ಇದರಿಂದ ಎರಡು ಪಾಠಗಳನ್ನು ಕಲಿತುದು ಮೆಚ್ಚತಕ್ಕ ವಿಷಯ. ಮೊದಲನೆಯದು ಭಾಷೆಯದು. ಟೇಕಾಫ್ ಎಂಬ ಶಬ್ದವನ್ನು ಆ ಅಪ್ಪಣೆಯನ್ನು ಕೊಡುವಾಗ ಅಥವಾ ಹಿಂತೆಗೆದುಕೊಳ್ಳುವಾಗ ಮಾತ್ರ ಬಳಸಬೇಕೆಂಬ ನಿಯಮ ಬಂದಿತು. ಉಳಿದೆಡೆ ನಿರ್ಗಮನವೆಂಬ ಅರ್ಥದ ಬೇರೆ ಶಬ್ದ. ಎರಡನೆಯದು ನಡತೆಯದು. ೧೯೭೯ರಲ್ಲಿ ಅಮೆರಿಕದ ನಾಸಾ ಸಂಸ್ಥೆ ನಡೆಸಿದ ಕಾರ್ಯಗೋಷ್ಠಿಯಿಂದ ಮೊದಲಾಗಿ, ಕಿರಿಯರು ಪ್ರಶ್ನಿಸುವುದನ್ನೂ ಹಿರಿಯರು ಕಿವಿಗೊಡುವುದನ್ನೂ ಒಂದು ವಿದ್ಯೆಯೆಂದೇ ಚಾಲಕರಿಗೆ ಕಲಿಸತೊಡಗಿದರು.

ಆದರೂ ತೊಂದರೆ ತೀರಿಹೋಗಲಿಲ್ಲ. ೧೯೯೬ರ ನವೆಂಬರ್ ೧೨ರಂದು ನಮ್ಮ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಡಿಕ್ಕಿ ಹೊಡೆದು ೩೪೯ ಜನ ಸತ್ತರು. ದೆಹಲಿಯಲ್ಲಿ ಇಳಿಯಲು ಬರುತ್ತಿದ್ದ ಕಜಾಕಿಸ್ತಾನದ ವಿಮಾನಕ್ಕೆ ೧೫,೦೦೦ ಅಡಿಯಲ್ಲಿ ನಿಲ್ಲಬೇಕೆಂದು ಸೂಚನೆಯಿತ್ತು. ಅದು ಇನ್ನೂ ಕೆಳಗಿಳಿದು ಸೌದಿಯ ವಿಮಾನಕ್ಕೆ ತಾಗಿತು. ಕಜಾಕಿ ಚಾಲಕರ ಇಂಗ್ಲಿಷ್ ಜ್ಞಾನ ಸಾಲದೆ ಸೂಚನೆ ತಪ್ಪಾಗಿ ಅರ್ಥವಾದುದು ಇದಕ್ಕೆ ನೆರವಾಯಿತೆಂದು ನ್ಯಾಯಮೂರ್ತಿ ಲಾಹೋಟಿ ಅವರ ತನಿಖೆ ಅಭಿಪ್ರಾಯಪಟ್ಟಿತು.

ಯಂತ್ರಗಳು ಇದನ್ನೆಲ್ಲ ನಿವಾರಿಸುವುವೆಂದು ಕೆಲವರು ಹೇಳುತ್ತಾರೆ. ಈಗ ಅನೇಕ ನಿಲ್ದಾಣಗಳಲ್ಲಿ ಮಾರ್ಗದ ಅನುಮತಿ ಬರಹರೂಪದಲ್ಲಿಯೇ ಚಾಲಕನ ಮುಂದೆ ಮೂಡುತ್ತದೆ. ಇದರಿಂದ ಕಿವಿಯ ತಪ್ಪು ತಗ್ಗುವುದು ನಿಜ. ಆದರೆ ಮೊದಲೇ ಒಂದು ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡವನು, ದಾರಿ ಬದಲಾಗಿದೆಯೆಂದು ಬರೆದಿದ್ದರೂ ಹಳೆಯದನ್ನೇ ಓದಿಕೊಳ್ಳುವುದುಂಟು. ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದನ್ನು ಬಿಟ್ಟು ತಾನು ಓದಿಬಂದುದನ್ನೇ ಬರೆಯುವ ವಿದ್ಯಾರ್ಥಿಯ ಕಥೆಯೂ ಇದೇ ಅಲ್ಲವೇ? ನಾಸಾ ಸಂಸ್ಥೆಯು ೧೯೭೬ರಿಂದ ಇಂಥ ತಪ್ಪುಗಳನ್ನು ಚಾಲಕರಿಂದಲೇ ಗುಪ್ತವಾಗಿ ಬರೆಸಿಕೊಂಡು, ಹೆಸರು ಹೇಳದೆ ಪ್ರಕಟಿಸುತ್ತ ಬಂದಿದೆ. ಅವಮಾನದ ಭಯ ಹೋದರೆ ತಪ್ಪು ತಾನಾಗಿ ಬೆಳಕಿಗೆ ಬರುತ್ತದೆ ಎಂಬ ತತ್ತ್ವ ಅದರ ಹಿಂದಿದೆ.

ಈ ತತ್ತ್ವ ನಮ್ಮ ಕಾಲೇಜಿಗೂ ಅನ್ವಯಿಸತಕ್ಕದ್ದು. ಅರ್ಥವಾಯಿತೇ ಎಂದು ಅಧ್ಯಾಪಕರು ಕೇಳಿದೊಡನೆ ಇಡೀ ತರಗತಿ ತಲೆಯಾಡಿಸುತ್ತದೆ. ಅರ್ಥವಾಗದವನೂ ತಲೆಯಾಡಿಸುತ್ತಾನೆ, ಗೆಳೆಯರು ನಕ್ಕಾರೆಂಬ ಅಳುಕು ಒಂದು ಕಡೆ, ಇಷ್ಟೂ ತಿಳಿಯದೇ ಎಂಬ ಮಾತಿನ ಅಂಜಿಕೆ ಇನ್ನೊಂದು ಕಡೆ. ಶುಲ್ಕ ಕಟ್ಟುವ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಕೊನೆಯ ದಿನವನ್ನು ತಪ್ಪಾಗಿ ತಿಳಿದು ಒಂದು ವರ್ಷವನ್ನೇ ಕಳೆದುಕೊಳ್ಳುವ ಬಡ ವಿದ್ಯಾರ್ಥಿಗೆ ಅದು ಸಣ್ಣ ನಷ್ಟವಲ್ಲ. ತರಗತಿಯಲ್ಲಿ ಸೂಚನೆಯೊಂದನ್ನು ಓದಿದಾಗಲೆಲ್ಲ ವಿದ್ಯಾರ್ಥಿಯೊಬ್ಬನು ಎದ್ದುನಿಂತು ಅದನ್ನು ತನ್ನ ಮಾತಿನಲ್ಲಿ ಮರಳಿ ಹೇಳುವ ಪದ್ಧತಿಯನ್ನು ನಾವೇಕೆ ಆರಂಭಿಸಬಾರದು? ಇದಕ್ಕೆ ಖರ್ಚಿಲ್ಲ, ಬೇಕಾದುದು ಎರಡು ನಿಮಿಷ ಮಾತ್ರ.

ಗುರುಹಿರಿಯರಲ್ಲಿ ಗೌರವ ನಮ್ಮ ನಾಡಿನ ಒಳ್ಳೆಯ ಸಂಪ್ರದಾಯ. ಅದು ಅಳಿಯಬೇಕೆಂದು ನಾನು ಹೇಳುತ್ತಿಲ್ಲ. ಎರಡನೆಯ ಸಲ ಕೇಳುವುದನ್ನು ಅಗೌರವವೆಂದು ಎಣಿಸಬಾರದೆಂಬುದಷ್ಟೇ ನನ್ನ ವಿನಂತಿ. ಸಹಪಾಠಿಗಳು ಕೇಳುವ ಧೈರ್ಯವನ್ನೂ, ಅಧ್ಯಾಪಕರು ಕೇಳಿಸಿಕೊಳ್ಳುವ ತಾಳ್ಮೆಯನ್ನೂ ಈ ವರ್ಷದಿಂದಲೇ ರೂಢಿಸಿಕೊಳ್ಳಲಿ.