ಬೀದರಿನ ಭಜ್ಜಿ ಕರಿದದ್ದಲ್ಲ

ಬೀದರಿಗೆ ಹೊರಟ ಆಫೀಸಿನ ಗೆಳೆಯರೆಲ್ಲ ನನಗೆ ಕಳಿಸೋ ಮೆಸೇಜ್ ಒಂದೇ: ‘ಲೋಕಲ್ ಊಟ ಎಲ್ಲಿ ಚೆನ್ನಾಗಿರುತ್ತೆ? ಲೊಕೇಶನ್ ಹಾಕು.’ ಕೋಟೆಯದ್ದೋ ಮಹಮೂದ್ ಗವಾನ್ ಮದರಸಾದ್ದೋ ಆದರೆ ತಕ್ಷಣ ಹಾಕಬಹುದು. ಊಟದ್ದು ಅಷ್ಟು ಸಲೀಸಲ್ಲ. ಫೋನಿನಲ್ಲಿ ಹುಡುಕಿದರೆ ಮೊದಲು ಬರೋದು ಪನೀರ್ ಬಟರ್ ಮಸಾಲಾ, ಫ್ರೈಡ್ ರೈಸ್.

ನನ್ನ ಸಲಹೆ ಖಾನಾವಳಿ. ಬೀದರ್ ಇರಲಿ, ಭಾಲ್ಕಿ ಇರಲಿ, ಬಸ್ ಸ್ಟ್ಯಾಂಡ್, ಕೋರ್ಟು, ತಹಸೀಲ್ ಆಫೀಸಿನ ಸುತ್ತಮುತ್ತ ನೋಡಿ. ಕೆಲಸಕ್ಕೆಂದು ಹಳ್ಳಿಯಿಂದ ಬಂದವರು ಮಧ್ಯಾಹ್ನ ಯಾವ ಬಾಗಿಲು ಹೊಕ್ಕುತ್ತಾರೋ ನೀವೂ ಅಲ್ಲೇ ಹೊಕ್ಕಿ. ಒಳಗಿಂದ ರೊಟ್ಟಿ ಬಡಿಯೋ ಸದ್ದು ಕೇಳಿದರೆ ಕೂತುಬಿಡಿ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಇಲ್ಲವೇ ಜುಣಕ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. (ಹಿಂಡಿ ಅಂದರೆ ಇಲ್ಲಿ ಚಟ್ನಿಪುಡಿ. ಬೆಂಗಳೂರಿನ ಗೆಳೆಯನೊಬ್ಬ ದನಕ್ಕೆ ಹಾಕೋದು ಅಂದುಕೊಂಡು ತಟ್ಟೆ ಸರಿಸಿದ್ದ.) ‘ಅಕ್ಕೋರೆ, ಇನ್ನೊಂದು ಬಿಸೀದು ಹಾಕ್ರಿ’ ಅಂದರೆ ಒಲೆಯಿಂದ ನೇರ ತಟ್ಟೆಗೆ ಬರ್ತದೆ.

ರೊಟ್ಟಿಗೆ ಲೆಕ್ಕ ಇಟ್ಟರೆ ಬೇಜಾರು ಮಾಡಿಕೊಳ್ಳಬೇಡಿ. ಮಳೆಗಾಲದಲ್ಲಿ ಭಾಲ್ಕಿ, ಔರಾದ್ ದಾರಿ ಹಿಡಿದರೆ ಎರಡೂ ಬದಿ ಸೋಯಾ. ಸೋಯಾ ಮಾರಿ, ಆ ದುಡ್ಡಲ್ಲಿ ಜೋಳ ಕೊಂಡು ತರೋ ರೈತರ ಮನೆಗಳಿವೆ. ಬಡಿಯೋ ಕೈಗಳೂ ಕಡಿಮೆಯಾಗ್ತಿವೆ. ಭುಜದ ನೋವು ಶುರುವಾದ ಮೇಲೆ ನಮ್ಮವ್ವನೇ ರೊಟ್ಟಿ ಕೊಂಡು ತರಿಸ್ತಾಳೆ. ಮಾಡಿಕೊಡೋ ಕಾಕಿ ನಸುಕಿನಲ್ಲೇ ಒಲೆ ಹಚ್ಚುತ್ತಾಳೆ. ಅವಳ ಮಗಳು ನರ್ಸಿಂಗ್ ಓದ್ತಿದ್ದಾಳೆ, ಒಲೆ ಕಡೆ ತಿರುಗಿಯೂ ನೋಡಲ್ಲ. ಸಂಪ್ರದಾಯ ಉಳಿಸಮ್ಮಾ ಅಂತ ಆ ಹುಡುಗಿಗೆ ಹೇಳೋಕೆ, ಎಸಿಯಲ್ಲಿ ಕೂತು ಕೋಡ್ ಬರೆಯೋ ನನಗೆ ಬಾಯಿ ಬರಲ್ಲ. ರೊಟ್ಟಿಯ ರೇಟು ಹೆಚ್ಚಾಯ್ತು ಅಂತ ಚೌಕಾಸಿ ಮಾಡೋಕಂತೂ ಬರೋದೇ ಇಲ್ಲ.

ಮಾಂಸ ತಿನ್ನೋರು ಬೆಳಿಗ್ಗೆ ಬೇಗ ಎದ್ದು ಹಳೇ ಊರಿನ ಚೌಬಾರಾ ಕಡೆ ನಡೆಯಿರಿ. ನಹಾರಿ, ಪಾಯಾ ಆ ಹೊತ್ತಿನ ತಿಂಡಿ. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದವರು, ನಾಲಿಗೆ ಅದನ್ನು ಮರೆತಿಲ್ಲ. ಹೈದರಾಬಾದಿನಲ್ಲಿ ಹೆಸರಾದ ಕಲ್ಯಾಣಿ ಬಿರಿಯಾನಿಯೂ ನಮ್ಮ ಬಸವಕಲ್ಯಾಣದ ನವಾಬರ ಅಡುಗೆಮನೆಯಿಂದ ಹೋದದ್ದು ಅಂತಾರೆ. ಔರಾದ್ ಕಡೆ ಹೋದರೆ ರೊಟ್ಟಿ ‘ಭಾಕರಿ’ ಆಗ್ತದೆ, ಪಕ್ಕದಲ್ಲಿ ಹಸಿಮೆಣಸಿನಕಾಯಿ ಠೇಚಾ ಇರ್ತದೆ. ನೀರಿನ ಲೋಟ ಹತ್ತಿರ ಇಟ್ಕೊಳ್ಳಿ.

ಆದರೆ ಭಜ್ಜಿ ಯಾವ ಹೋಟೆಲಿನಲ್ಲೂ ಕೇಳಬೇಡಿ, ಮೆಣಸಿನಕಾಯಿ ಕರಿದು ಕೊಡ್ತಾರೆ. ನಮ್ಮ ಭಜ್ಜಿ ಎಳ್ಳಮಾಸಿಯದ್ದು. ಹಸಿ ತೊಗರಿ, ಅವರೆ, ಬಟಾಣಿ, ಬದನೆ, ಗಜ್ಜರಿ, ಮೆಂತ್ಯ, ಕಡಲೆ ಸೊಪ್ಪು, ಹೀಗೆ ಆ ಹೊತ್ತಿಗೆ ಹೊಲದಲ್ಲಿ ಸಿಕ್ಕಿದ್ದೆಲ್ಲ ಕಡಲೆಹಿಟ್ಟು, ಹುಣಸೆಹುಳಿಯಲ್ಲಿ ಬೇಯಬೇಕು. ಜೊತೆಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಗಡಿಗೆಯಲ್ಲಿ ಹುಳಿಯೇರಿದ ಅಂಬಲಿ. ಡಿಸೆಂಬರಿನಲ್ಲೋ ಜನವರಿಯಲ್ಲೋ ಬರೋ ಆ ಅಮಾವಾಸ್ಯೆಗೆ ಊರಿಗೆ ಊರೇ ಹೊಲದಲ್ಲಿರ್ತದೆ, ಪೇಟೆಯಲ್ಲಿ ಅಂಗಡಿ ತೆರೆದಿರೋದೇ ಕಡಿಮೆ. ನಿಮ್ಮ ಟೀಮಿನಲ್ಲಿ ಬೀದರಿನವರು ಯಾರಾದರೂ ಇದ್ದರೆ ಈಗಲೇ ಮಾತಾಡಿಸಿಟ್ಟುಕೊಳ್ಳಿ. ಕರೆದರೆ ಹಿಂದಿನ ರಾತ್ರಿ ಊಟ ಕಡಿಮೆ ಮಾಡಿ ಹೋಗಿ. ಎರಡನೇ ಸಲ ಬಡಿಸೋಕೆ ಬಂದಾಗ ಬೇಡ ಅಂದರೆ ಅಲ್ಲಿ ಯಾರೂ ಕೇಳಲ್ಲ.